ಆಂಝೆ ಕೋಪಿಟಾರ್‌ಗೆ ಇದು ಕೊನೇ ಸೀಸನ್. 20 ಲಕ್ಷ ಜನರ ದೇಶದಿಂದ ಇಂಥ ಐಸ್ ಹಾಕಿ ಆಟಗಾರ ಹೆಂಗೆ ಬಂದ?

ಕೊನೇಶಿಫ್ಟ್:
ಎಲ್ರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್ಟು ಕಬಡ್ಡಿ ಬಿಟ್ಟು ಐಸ್ ಹಾಕಿ ಬಗ್ಗೆ ಯಾರಾದ್ರೂ ಬರ್ದಿದ್ದು ನಾನು ನೋಡಿಲ್ಲ, ಆದ್ರೂ ಹಾಕ್ತಿದೀನಿ, ಯಾಕಂದ್ರೆ 2025ರ ಸೆಪ್ಟೆಂಬರ್ 18ಕ್ಕೆ ಸುದ್ದಿ ಬಂದಾಗಿಂದ ಮನಸ್ಸು ಅದರಲ್ಲೇ ಇದೆ. ಲಾಸ್ ಏಂಜಲೀಸ್ ಕಿಂಗ್ಸ್ ಟೀಮಿನ ಕ್ಯಾಪ್ಟನ್ ಆಂಝೆ ಕೋಪಿಟಾರ್ 2025-26 ತನ್ನ ಕೊನೇ ಸೀಸನ್ ಅಂತ ಹೇಳಿದಾನೆ. 2006ರಲ್ಲಿ ಶುರು ಮಾಡಿದ್ದು, ಇದು 20ನೇ ಸೀಸನ್, ಅಷ್ಟೂ ವರ್ಷ ಒಂದೇ ಟೀಮು. ಊರು ಸ್ಲೊವೇನಿಯಾ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊವೇಷಿಯಾ ಮಧ್ಯೆ ಸಿಕ್ಕಿಕೊಂಡಿರೋ ಪುಟ್ಟ ದೇಶ, ಜನಸಂಖ್ಯೆ ಸುಮಾರು 20 ಲಕ್ಷ, ಅಂದ್ರೆ ನಮ್ಮ ಬೆಂಗಳೂರಿನ ಒಂದು ಮೂಲೆ. ಅವನಿಗಿಂತ ಮುಂಚೆ ಆ ದೇಶದಿಂದ ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗು) ಒಬ್ಬನೂ ಆಡಿರಲಿಲ್ಲ.

ನಾನು ಲಾಸ್ ಏಂಜಲೀಸ್ ಹತ್ರದ ಟಾರೆನ್ಸ್‌ನಲ್ಲಿ ಇರೋದು, ಬಂದು ಹದಿನೈದು ವರ್ಷ ಆಯ್ತು. 2012ರ ಜೂನ್ 11ನೇ ತಾರೀಕು ಆಫೀಸಿನವರೊಬ್ಬರ ಮನೇಲಿ ಟಿವಿ ಮುಂದೆ ಕೂತು ಮೊದಲ್ನೇ ಸಲ ಈ ಆಟ ಪೂರ್ತಿ ನೋಡಿದ್ದು, ಫೈನಲ್‌ನ ಆರನೇ ಮ್ಯಾಚ್, ಕಿಂಗ್ಸ್ 6-1ರಲ್ಲಿ ನ್ಯೂಜೆರ್ಸಿ ಡೆವಿಲ್ಸ್‌ನ ಸೋಲಿಸಿ ಲೀಗಿನ ಟ್ರೋಫಿ ಸ್ಟ್ಯಾನ್ಲಿ ಕಪ್ ಎತ್ತಿದ್ರು. 1967ರಲ್ಲಿ ಹುಟ್ಟಿದ ಟೀಮು, 45 ವರ್ಷಕ್ಕೆ ಮೊದಲ ಕಪ್. ಆ ಮನೆಯವರ ಅಪ್ಪ, ಎಪ್ಪತ್ತು ದಾಟಿದ ಮನುಷ್ಯ, ಮಗುವಿನ ಥರ ಅತ್ತರು. ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತಾನೇ ನನಗೆ ಕಾಣ್ತಿರಲಿಲ್ಲ, ಆದ್ರೆ 11ನೇ ನಂಬರ್ ಹುಡುಗ ಎಲ್ಲಿದಾನೆ ಅಂತ ಮಾತ್ರ ಯಾವಾಗ್ಲೂ ಕಾಣ್ತಿತ್ತು, ಆರಡಿ ಮೂರಿಂಚು, ಅವಸರಾನೇ ಇಲ್ಲ, ಪಕ್ ಅವನ ಹತ್ರ ಬಂದ್ರೆ ಇಡೀ ಆಟ ಒಂದು ಉಸಿರು ಎಳೆದು ನಿಧಾನ ಆಗ್ತಿತ್ತು. ಅವತ್ತಿಂದ ಬಿಟ್ಟಿಲ್ಲ. ಇದನ್ನ ಫಾಲೋ ಮಾಡೋರು ಯಾರಾದ್ರೂ ಇದ್ರೆ ಮಾತಾಡಿ, ಮಾಡದೇ ಇರೋರೂ ಕೇಳಿ, ಗೊತ್ತಿರೋದು ಹೇಳ್ತೀನಿ.

ಧಾರವಾಡದಾಂವ:
ನಮಸ್ಕಾರ್ರಿ ಸರ. ನಾ ಹಾಕಿ ಅಂದ್ರ ಮೈದಾನದ ಹಾಕಿ ಅಷ್ಟ ನೋಡೇನ್ರಿ. ಒಂದ್ ಮಾತ್ ಕೇಳ್ತೀನಿ, ಅಷ್ಟ್ ಸಣ್ಣ ದೇಶ, ಅಲ್ಲೆ ಈ ಆಟ ಆಡೋರ ಕಡಿಮಿ ಅಂತೀರಿ, ಹಂಗಿದ್ರ ಇಂವ ಕಲ್ತಿದ್ದರ ಎಲ್ಲಿ? ಬರ್ಫದಾಗ ಆಡೂದಕ್ಕ ಜಾಗಾ ಬೇಕು, ಬೂಟು ಬೇಕು, ಕಲಸಾವ್ರು ಬೇಕು.

ಕೊನೇಶಿಫ್ಟ್:
ಒಳ್ಳೇ ಪ್ರಶ್ನೆ ಸರ್. ಅವನ ಅಪ್ಪ ಮತ್ಯಾಝ್ ಕೋಪಿಟಾರ್ ಸ್ವತಃ ಹಾಕಿ ಆಟಗಾರ, ಆಮೇಲೆ ಕೋಚ್. ಹ್ರುಶಿತ್ಸಾ ಅಂತ ಹಳ್ಳಿ, ಅಲ್ಲಿ ಅಪ್ಪ ಅಮ್ಮ ಒಂದು ಹೋಟ್ಲು ನಡೆಸ್ತಿದ್ರು. ಮನೆ ಹಿತ್ತಲಲ್ಲಿ ಚಳಿಗಾಲದಲ್ಲಿ ಅಪ್ಪ ನೀರು ಬಿಟ್ಟು ಬಿಟ್ಟು ಹೆಪ್ಪುಗಟ್ಟಿಸಿ ಸಣ್ಣ ರಿಂಕ್ ಮಾಡ್ತಿದ್ದ, ಹುಡುಗ ನಾಲ್ಕನೇ ವಯಸ್ಸಿಗೆ ಅದರ ಮೇಲೆ ಸ್ಕೇಟ್ ಹಾಕಿದ್ದು. ಅಜ್ಜಿ ಇಂಗ್ಲಿಷ್ ಟೀಚರ್. ಹಂಗಾಗಿ ಭಾಷೆನೂ ಮನೇಲೇ ಬಂತು, ಈಗ ಅವನು ಸ್ಲೊವೇನಿಯನ್, ಸರ್ಬಿಯನ್, ಜರ್ಮನ್, ಸ್ವೀಡಿಷ್, ಇಂಗ್ಲಿಷ್ ಐದೂ ಮಾತಾಡ್ತಾನೆ. ಏನೂ ಇಲ್ಲದ ಕಡೆಯಿಂದ ಒಬ್ಬ ಅಪ್ಪನ ಹಠದಿಂದ ಬಂದ ಹುಡುಗ, ನನಗೆ ಅದು ಪವಾಡದ ಥರ ಕಾಣುತ್ತೆ.

ನಾಪೋಕ್ಲು_ಸ್ಟಿಕ್:
ಕೊನೇಶಿಫ್ಟ್ ಅಣ್ಣ, ಬರ್ದಿದ್ದು ಚೆನ್ನಾಗಿದೆ, ಆದ್ರೆ "ಏನೂ ಇಲ್ಲದ ಕಡೆಯಿಂದ" ಅನ್ನೋ ಮಾತನ್ನ ನಾನು ಒಪ್ಪಲ್ಲ. ದೇಶದಲ್ಲಿ ಹಾಕಿ ಕಡಿಮೆ ಅಂತ ಹೇಳಿ, ಸರಿ. ಊರಲ್ಲಿ ಕಡಿಮೆ ಇರಲಿಲ್ಲ. ಹ್ರುಶಿತ್ಸಾ ಇರೋದು ಯೆಸೆನಿತ್ಸೆ ಪಟ್ಟಣದ ಪಕ್ಕ, ಆಸ್ಟ್ರಿಯಾ ಗಡಿ ಬೆಟ್ಟದ ಬುಡ. ಯೆಸೆನಿತ್ಸೆ ಕಬ್ಬಿಣ-ಉಕ್ಕಿನ ಕಾರ್ಖಾನೆ ಊರು, ಅಲ್ಲಿನ ಹಾಕಿ ಟೀಮು ಆ ಕಾರ್ಮಿಕರ ಟೀಮು. ಯುಗೊಸ್ಲಾವಿಯಾ ಇದ್ದ ಕಾಲದಲ್ಲಿ ಆ ಊರಿನ ಕ್ಲಬ್ 23 ಸಲ ರಾಷ್ಟ್ರೀಯ ಚಾಂಪಿಯನ್, ಅದರಲ್ಲಿ 1957ರಿಂದ 1971ರವರೆಗೆ ಸತತ 15 ವರ್ಷ. ಹದಿನೈದು ವರ್ಷ ಒಂದೇ ಸಣ್ಣ ಪಟ್ಟಣ ಇಡೀ ದೊಡ್ಡ ದೇಶಕ್ಕೆ ಚಾಂಪಿಯನ್ ಅಂದ್ರೆ ಯೋಚ್ನೆ ಮಾಡಿ. ಆ ಊರಲ್ಲಿ ಹುಟ್ಟಿದ ಮಗು ಕೈಗೆ ಸ್ಟಿಕ್ ಬರೋದು ಪವಾಡ ಅಲ್ಲ.

ನಾನು ಕೊಡಗಿನೋನು, ಅದಕ್ಕೇ ಹೇಳ್ತಿದೀನಿ. ಹೊರಗಿನೋರು ಬಂದು "ಇಷ್ಟು ಸಣ್ಣ ಜಿಲ್ಲೆಯಿಂದ ಹೆಂಗೆ ಇಷ್ಟು ಜನ ಇಂಡಿಯಾ ಪ್ಲೇಯರ್ಸ್, ಎಂ.ಪಿ. ಗಣೇಶ್, ಸೋಮಯ್ಯ, ಅರ್ಜುನ್ ಹಾಲಪ್ಪ, ಸುನಿಲ್" ಅಂತ ಆಶ್ಚರ್ಯ ಪಡ್ತಾರೆ. ನಮಗೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ, ಗದ್ದೆ ಕೊಯ್ಲು ಆದ್ಮೇಲೆ ಆ ಗದ್ದೇಲೇ ಆಡ್ಕೊಂಡು ಬೆಳ್ದೋರು ನಾವು, ಮದ್ವೆಗೆ ಹೋದ್ರೂ ಅಲ್ಲಿ ಹಾಕಿ ಮಾತೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನೋರು ಕರಡದಲ್ಲಿ ಕೊಡವ ಕುಟುಂಬಗಳ ಟೂರ್ನಮೆಂಟ್ ಶುರು ಮಾಡಿದ್ರು, ಈಗ ಮುನ್ನೂರಕ್ಕೂ ಹೆಚ್ಚು ಮನೆತನ ಬಂದು ಆಡ್ತಾವೆ, ಮುದುಕರಿಂದ ಹಿಡಿದು ಹೆಣ್ಣುಮಕ್ಕಳವರೆಗೆ. ಒಬ್ಬನ ಹಿಂದೆ ಊರು ಇರುತ್ತೆ. ಅದನ್ನ ಬಿಟ್ಟು ಅಪ್ಪ-ಮಗ ಇಬ್ಬರ ಕಥೆ ಮಾಡಿದ್ರೆ ಊರಿಗೆ ಅನ್ಯಾಯ.

ಕೊನೇಶಿಫ್ಟ್:
23 ಚಾಂಪಿಯನ್‌ಶಿಪ್ ಅಂತ ನನಗೆ ಗೊತ್ತಿರಲಿಲ್ಲ ತಮ್ಮ. ಹದಿಮೂರು ವರ್ಷ ಆಟ ನೋಡಿದೀನಿ, ಊರಿನ ಬಗ್ಗೆ ಓದಿಲ್ಲ. ಪವಾಡ ಅನ್ನೋ ಪದ ವಾಪಸ್ ತಗೊಂಡೆ.

ಅಂಕಿಅಂಶ_ಶೆಟ್ರು:
ಊರಿನ ಮಾತಿಗೆ ಇನ್ನೊಂದು ಸೇರಿಸ್ತೀನಿ. 2014ರ ಸೋಚಿ ಒಲಿಂಪಿಕ್ಸ್‌ಗೆ ಸ್ಲೊವೇನಿಯಾ ಮೊದಲ ಸಲ ಹಾಕೀಲಿ ಹೋಯ್ತು, ಎಲ್ರೂ ಅದು ಕೋಪಿಟಾರ್ ಇದ್ದಿದ್ದಕ್ಕೆ ಅಂದ್ಕೊಂಡಿದಾರೆ. ಕ್ವಾಲಿಫೈಯಿಂಗ್ ಮ್ಯಾಚ್ ನಡೆದಿದ್ದು 2013 ಫೆಬ್ರವರಿ, ಡೆನ್ಮಾರ್ಕಲ್ಲಿ. ಆಗ ಎನ್‌ಎಚ್‌ಎಲ್ ಸೀಸನ್ ನಡೀತಿತ್ತು, ಅವನು ಲಾಸ್ ಏಂಜಲೀಸಲ್ಲೇ ಇದ್ದ. ಅಂದ್ರೆ ಉಳಿದ ಹುಡುಗರು ಅವನಿಲ್ದೇನೇ ಗೆದ್ದು ಟಿಕೆಟ್ ತಂದ್ರು. ಸೋಚಿಗೆ ಇವನು ಹೋಗಿ ಸೇರ್ಕೊಂಡ, ಕೋಚ್ ಯಾರು, ಅವರಪ್ಪ ಮತ್ಯಾಝ್. ಗ್ರೂಪಲ್ಲಿ ರಷ್ಯಾ ಮೇಲೆ 5-2, ಅಮೆರಿಕ ಮೇಲೆ 5-1 ಸೋತ್ರು, ಸ್ಲೊವಾಕಿಯಾನ 3-1 ಸೋಲಿಸಿದ್ರು. ಆಮೇಲೆ ಆಸ್ಟ್ರಿಯಾನ 4-0 ಹೊಡೆದು ಕ್ವಾರ್ಟರ್ ಫೈನಲ್, ಅಲ್ಲಿ ಸ್ವೀಡನ್ ಕೈಲಿ 5-0. ಕೊನೆಗೆ ಏಳನೇ ಸ್ಥಾನ. ಆಗ ಇಡೀ ದೇಶದಲ್ಲಿ ಸರಿಯಾದ ರಿಂಕ್‌ಗಳು ಹತ್ತರೊಳಗೆ. ಏಳನೇ ಸ್ಥಾನ!

2018 ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಎನ್‌ಎಚ್‌ಎಲ್‌ನವರು ಆಟಗಾರರನ್ನ ಬಿಡಲಿಲ್ಲ, ಕೋಪಿಟಾರ್ ಇಲ್ಲ, ಆಗಲೂ ಸ್ಲೊವೇನಿಯಾ ಅಮೆರಿಕಾನ ಓವರ್‌ಟೈಮಲ್ಲಿ 3-2 ಸೋಲಿಸ್ತು. ಯಾನ್ ಮುರ್ಷಕ್ ಅನ್ನೋನು ಸಮ ಮಾಡೋ ಗೋಲೂ ಹೊಡೆದ, ಗೆಲ್ಲೋ ಗೋಲೂ ಹೊಡೆದ. ಹಂಗಾಗಿ ಸ್ಟಿಕ್ ಅವರು ಹೇಳಿದ್ದಕ್ಕೆ ನನ್ನ ವೋಟು.

ಗಾಳಿಪಟ_77:
ಸ್ವಲ್ಪ ತಡೀರಿ ಎಲ್ರೂ. ಊರು ಊರು ಅಂತ ಹೇಳ್ತಿದೀರಿ, ಒಪ್ಪಿದೆ, ಆದ್ರೆ ಅದೇ ಊರಲ್ಲಿ, ಅದೇ ರಿಂಕಲ್ಲಿ, ಅಷ್ಟೇ ಯಾಕೆ ಅದೇ ಮನೇಲಿ ಅದೇ ಅಪ್ಪನ ಕೈಕೆಳಗೆ ಗಾಶ್ಪರ್ ಅಂತ ತಮ್ಮನೂ ಇದ್ದ, ಅವನೂ ಹಾಕಿ ಆಡಿದ, ಒಳ್ಳೇ ಆಟಗಾರನೇ, ಎನ್‌ಎಚ್‌ಎಲ್‌ವರೆಗೆ ಬರಕ್ಕೆ ಆಗಲಿಲ್ಲ. ಊರು ಎಲ್ರಿಗೂ ಒಂದೇ ಇತ್ತಲ್ವಾ. ಆ ಹುಡುಗನ ಒಳಗೆ ಏನೋ ಬೇರೆ ಇತ್ತು ಅನ್ನೋದನ್ನ ಯಾಕೆ ಮರೀತೀರಿ? 2004ರಲ್ಲಿ, ಹೈಸ್ಕೂಲು ಮುಗಿಸೋ ವಯಸ್ಸು, ಮನೆ ಬಿಟ್ಟು ಸ್ವೀಡನ್‌ನ ಸೋಡರ್‌ಟೇಲ್ಯೆಗೆ ಹೋದ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ. ನನ್ನ ಮಗನ್ನ ಆ ವಯಸ್ಸಲ್ಲಿ ಮಂಗಳೂರು ಹಾಸ್ಟೆಲ್‌ಗೆ ಬಿಟ್ಟು ಬಂದಾಗ ನಾವು ಗಂಡ ಹೆಂಡ್ತಿ ದಾರಿ ಪೂರ್ತಿ ಮಾತೇ ಆಡಲಿಲ್ಲ. ಆ ಹುಡುಗ ಅಲ್ಲಿ ಒಂದೇ ವರ್ಷಕ್ಕೆ ಡ್ರಾಫ್ಟ್‌ಗೆ ಬರೋ ಮಟ್ಟಕ್ಕೆ ಬೆಳೆದ.

ಕೊನೇಶಿಫ್ಟ್:
ಹೌದು, ಆ ಡ್ರಾಫ್ಟ್ ಕಥೆ ಹೇಳ್ಲೇಬೇಕು. ಧಾರವಾಡ ಸರ್, ಡ್ರಾಫ್ಟ್ ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು, ಐಪಿಎಲ್ ಹರಾಜಿನ ಥರ ಆದ್ರೆ ದುಡ್ಡು ಕೂಗೋದಿಲ್ಲ. 2005ರದ್ದು, ಆಮೇಲೆ ದೊಡ್ಡ ಸ್ಟಾರ್ ಆದ ಸಿಡ್ನಿ ಕ್ರಾಸ್ಬಿ ಮೊದಲ್ನೇ ನಂಬರ್ ಹೋದ ವರ್ಷ. ಕೋಪಿಟಾರ್ 11ನೆಯವನು. ಅವನಿಗಿಂತ ಮುಂಚೆ ಆರಿಸಿದ ಹತ್ತು ಜನರ ಪಟ್ಟಿ ಇವತ್ತು ತೆಗೆದು ನೋಡಿ, ಕ್ರಾಸ್ಬಿ ಮತ್ತೆ ಗೋಲ್‌ಕೀಪರ್ ಕ್ಯಾರಿ ಪ್ರೈಸ್ ಬಿಟ್ರೆ ಇವನ ಪಕ್ಕ ನಿಲ್ಲಿಸೋ ಹೆಸರು ನನಗೆ ಕಾಣಲ್ಲ. ಸ್ಲೊವೇನಿಯಾದಿಂದ ಅಂತ ಹಿಂಜರಿದ್ರು ಅನ್ನೋದು ನನ್ನ ಅನಿಸಿಕೆ. ಕೆನಡಾ ಹುಡುಗ ಆಗಿದ್ರೆ ಅಳೆಯಕ್ಕೆ ಅವರ ಕೈಲಿ ಅಳತೆಗೋಲು ಇರ್ತಿತ್ತು, ಇವನನ್ನ ಯಾರಿಗೆ ಹೋಲಿಸೋದು?

ಮೊದಲ ಮ್ಯಾಚು 2006 ಅಕ್ಟೋಬರ್ 6, ಪಕ್ಕದೂರು ಆನಾಹೈಮ್ ಮೇಲೆ, ವಯಸ್ಸು 19. ಎರಡು ಗೋಲು. ಅದರಲ್ಲಿ ಒಂದಕ್ಕೆ ಕ್ರಿಸ್ ಪ್ರಾಂಗರ್ ಅನ್ನೋ ಆ ಕಾಲದ ಭಯಂಕರ ಡಿಫೆಂಡರ್‌ನ ದಾಟ್ಕೊಂಡು ಹೋಗಿದ್ದು. ಆ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಸಿಡ್ನಿ_ಸುಬ್ಬು:
ನಿಜವಾಗ್ಲೂ ಏನೂ ಇಲ್ಲದ ಕಡೆಯಿಂದ ಬಂದೋನ ಕಥೆ ಬೇಕಾ, ನಾನಿರೋ ಊರಿಂದ ಹೇಳ್ತೀನಿ. ನೇಥನ್ ವಾಕರ್. ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್, ಬೆಳೆದಿದ್ದು ಸಿಡ್ನಿ. ಇಲ್ಲಿ ಜೂನ್ ಜುಲೈಲಿ ಒಂದು ಸ್ವೆಟರ್ ಹಾಕಿದ್ರೆ ಚಳಿಗಾಲ ಮುಗೀತು, ಶಾಲೇಲಿ ಮಕ್ಕಳಿಗೆ ರಗ್ಬಿ, ಕ್ರಿಕೆಟ್, ಈಜು. ಅವನು 13 ವರ್ಷಕ್ಕೇ ಮನೆ ಬಿಟ್ಟು ಚೆಕ್ ದೇಶದ ವಿತ್ಕೊವಿತ್ಸೆ ಕ್ಲಬ್‌ಗೆ ಹೋದ. 2014ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಅವನನ್ನ 89ನೇ ನಂಬರಿಗೆ ಆರಿಸ್ತು, 2017 ಅಕ್ಟೋಬರ್ 7ಕ್ಕೆ ಮೊದಲ ಮ್ಯಾಚ್, ಮೊದಲ ಮ್ಯಾಚಲ್ಲೇ ಗೋಲು, ಎನ್‌ಎಚ್‌ಎಲ್ ಆಡಿದ ಮೊದಲ ಆಸ್ಟ್ರೇಲಿಯನ್. 2018ರಲ್ಲಿ ಕ್ಯಾಪಿಟಲ್ಸ್ ಕಪ್ ಗೆದ್ದಾಗ ಕಪ್ಪಿನ ಮೇಲೆ ಇವನ ಹೆಸರೂ ಕೆತ್ತಿದ್ರು. ಆಮೇಲೆ ಸೇಂಟ್ ಲೂಯಿಸ್ ಬ್ಲೂಸ್ ಟೀಮಲ್ಲಿ 2021-22 ಸೀಸನ್‌ನ ತನ್ನ ಮೊದಲ ಮ್ಯಾಚ್ ಆಡ್ದಾಗ, 2021 ಡಿಸೆಂಬರ್, ಹ್ಯಾಟ್ರಿಕ್ ಹೊಡೆದ.

ವಾಕರ್ ಸ್ಟಾರ್ ಅಲ್ಲ, ನಾಲ್ಕನೇ ಸಾಲಿನ ಆಟಗಾರ, ಅಂದ್ರೆ ಕಡಿಮೆ ಹೊತ್ತು ಇಳಿಸೋ ಗುಂಪಿನೋನು, ಕುಳ್ಳ, ಮೈಮೇಲೆ ಬಿದ್ದು ಆಡೋನು, ಎಷ್ಟೋ ಸಲ ಕೆಳಗಿನ ಲೀಗಿಗೆ ಕಳಿಸಿದಾರೆ, ಪ್ರತಿ ಸಲ ವಾಪಸ್ ಬಂದಿದಾನೆ. ಅದಕ್ಕೇ ನನಗೆ ಇಷ್ಟ.

ನಾಪೋಕ್ಲು_ಸ್ಟಿಕ್:
ಸುಬ್ಬು ಸರ್, ಇದು ಒಳ್ಳೇ ಉದಾಹರಣೆ, ನೋಡಿ ಇಲ್ಲಿ ಹೋಲಿಕೆ ಸಿಗುತ್ತೆ. ವಾಕರ್‌ಗೆ 13ಕ್ಕೆ ಊರು ಬಿಡಬೇಕಾಯ್ತು. ಕೋಪಿಟಾರ್‌ಗೆ 16-17ರವರೆಗೆ ಊರೇ ಸಾಕಾಯ್ತು. ಆ ಮೂರು ನಾಲ್ಕು ವರ್ಷ ಮನೆ ಊಟ ಮಾಡ್ಕೊಂಡು, ಅಪ್ಪನ ಕಣ್ಣೆದುರು, ಗೊತ್ತಿರೋ ಭಾಷೇಲಿ ಕಲಿಯೋದಿದ್ಯಲ್ಲ, ಅದನ್ನ ಕೊಟ್ಟಿದ್ದು ಯೆಸೆನಿತ್ಸೆ. ಗಾಳಿಪಟ ಅವರು ಹೇಳಿದ್ದೂ ಸರಿ, ಒಳಗಿನ ಕಿಚ್ಚು ಅವನದ್ದೇ. ಆದ್ರೆ ಕಿಚ್ಚಿಗೆ ಸೌದೆ ಊರಿನದ್ದು.

ಇನ್ನೊಂದು ವಿಷಯ ಹೇಳಿದ್ರೆ ಬೇಜಾರಾಗುತ್ತೆ. 2012ರ ಜೂನಲ್ಲಿ ಆ ಊರಿನ ಹುಡುಗ ಸ್ಟ್ಯಾನ್ಲಿ ಕಪ್ ಎತ್ತಿದ. ಅದೇ 2012ರಲ್ಲೇ ಯೆಸೆನಿತ್ಸೆಯ ಹಳೇ ಕ್ಲಬ್ ಸಾಲದಲ್ಲಿ ಮುಳುಗಿ ಮುಚ್ಚಿಹೋಯ್ತು. ಮಕ್ಕಳ ವಿಭಾಗ ನಡೆಸ್ತಿದ್ದ ಸಂಘ ಉಳ್ಕೊಂಡು ಅದರಿಂದ ಮತ್ತೆ ಹೊಸದಾಗಿ ಕಟ್ಟಿದ್ರು, ಈಗ ಆಡ್ತಿರೋದು ಆ ಹೊಸ ಟೀಮು. ನಮ್ಮಲ್ಲೂ ನೋಡಿದೀನಿ, ಆಟಗಾರ ದೇಶಕ್ಕೆ ಆಡೋ ಹೊತ್ತಿಗೆ ಅವನು ಕಲಿತ ಮೈದಾನದ ಗೋಲ್ ಪೋಸ್ಟ್ ತುಕ್ಕು ಹಿಡಿದು ಬಿದ್ದಿರುತ್ತೆ.

ಕೊನೇಶಿಫ್ಟ್:
ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ವರ್ಷದ ಸಂಭ್ರಮ ಮಾತ್ರ ನಾನು ನೋಡಿದ್ದು. ಗೆದ್ದ ಟೀಮಿನ ಪ್ರತಿ ಆಟಗಾರನಿಗೂ ಒಂದು ದಿನ ಕಪ್ ಕೊಡ್ತಾರೆ, ಎಲ್ಲಿಗೆ ಬೇಕಾದ್ರೂ ಒಯ್ಯಬಹುದು, ಇವನು ಸ್ಲೊವೇನಿಯಾಗೇ ಒಯ್ದ. ಆಮೇಲೆ ಆ ಚಳಿಗಾಲದಲ್ಲಿ ಎನ್‌ಎಚ್‌ಎಲ್ ಸಂಬಳದ ಜಗಳದಿಂದ ಲಾಕೌಟ್ ಆಗಿ ನಿಂತಾಗ ಸ್ವೀಡನ್‌ನ ಮೋರಾ ಅನ್ನೋ ಕ್ಲಬ್‌ಗೆ ಹೋಗಿ ಆಡಿದ, ಅಲ್ಲಿ ತಮ್ಮ ಗಾಶ್ಪರ್ ಇದ್ದ. ಕಪ್ ಗೆದ್ದ ಆಟಗಾರ ಎರಡನೇ ದರ್ಜೆ ಲೀಗಲ್ಲಿ ತಮ್ಮನ ಜೊತೆ ಆಡಕ್ಕೆ ಹೋದ ಅನ್ನೋದು ನನಗೆ ಅವನ ಬಗ್ಗೆ ಬಹಳ ಹೇಳುತ್ತೆ.

ಧಾರವಾಡದಾಂವ:
ಅಲ್ರೀ ಇಷ್ಟೆಲ್ಲಾ ಹೇಳಿದ್ರಿ, ಆಟದಾಗ ಇಂವ ಏನ್ ಮಾಡ್ತಾನ ಅದನ್ನ ಹೇಳ್ರಿ. ಗೋಲ್ ಹೊಡಿಯಾಂವೇನು, ತಡಿಯಾಂವೇನು?

ಅಂಕಿಅಂಶ_ಶೆಟ್ರು:
ಎರಡೂ ಸರ್, ಅದೇ ಅವನ ವಿಶೇಷ. ಅವನು ಸೆಂಟರ್, ಅಂದ್ರೆ ಮುಂದಿನ ಸಾಲಲ್ಲಿ ಮಧ್ಯದವನು. ಒಂದು ಸಲಕ್ಕೆ ಐದು ಜನ ಮತ್ತೆ ಗೋಲ್‌ಕೀಪರ್ ಇರ್ತಾರೆ, ಓಟ ಎಷ್ಟು ಜೋರಂದ್ರೆ ಮುಕ್ಕಾಲು ನಿಮಿಷಕ್ಕೆ ಆಟಗಾರರು ಬದಲಾಗ್ತಾರೆ, ಅದಕ್ಕೆ ಶಿಫ್ಟ್ ಅಂತಾರೆ. ಪ್ರತಿ ಸಲ ಆಟ ನಿಂತಾಗ ರೆಫ್ರಿ ಇಬ್ಬರ ಮಧ್ಯೆ ಪಕ್ ಹಾಕ್ತಾನೆ, ಅದು ಫೇಸ್‌ಆಫ್, ಅದನ್ನ ಗೆಲ್ಲೋದು ಸೆಂಟರ್ ಕೆಲ್ಸ. ಕಿಂಗ್ಸ್ ಏನು ಮಾಡ್ತಾರಂದ್ರೆ ಎದುರಾಳಿಯ ಅತಿ ಒಳ್ಳೇ ಸಾಲು ಇಳಿದಾಗಲೆಲ್ಲ ಕೋಪಿಟಾರ್‌ನ ಇಳಿಸ್ತಾರೆ. ಅಂದ್ರೆ ಎದುರಾಳಿಯ ಬೆಸ್ಟ್ ಆಟಗಾರನ್ನ ಕಟ್ಟಿಹಾಕಬೇಕು, ಅದೇ ಹೊತ್ತಲ್ಲಿ ತಾನೂ ಗೋಲ್ ಮಾಡಿಸಬೇಕು. 2014ರ ಪ್ಲೇಆಫ್‌ನಲ್ಲಿ (ಕಪ್‌ಗಾಗಿ ನಡೆಯೋ ನಾಕೌಟ್ ಸುತ್ತು) 26 ಪಾಯಿಂಟ್ಸ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ತಗೊಂಡು ಎಲ್ರಿಗಿಂತ ಮೇಲಿದ್ದ, ಕಿಂಗ್ಸ್‌ಗೆ ಎರಡನೇ ಕಪ್. ಆ ಸಲ ಮೊದಲ ಸುತ್ತಲ್ಲಿ ಸ್ಯಾನ್ ಹೊಸೆ ಟೀಮಿನ ಮೇಲೆ ಏಳು ಮ್ಯಾಚಿನ ಸರಣೀಲಿ 0-3 ಹಿಂದಿದ್ದು 4-3 ಗೆದ್ದಿದ್ರು.

ಸೆಲ್ಕಿ ಟ್ರೋಫಿ ಅಂತ ಇದೆ, ತಡೆಯೋದ್ರಲ್ಲಿ ಅತ್ಯುತ್ತಮ ಫಾರ್ವರ್ಡ್‌ಗೆ, ಅದು 2016 ಮತ್ತೆ 2018. ಲೇಡಿ ಬಿಂಗ್ ಅಂತ ಇನ್ನೊಂದು, ಸಭ್ಯವಾಗಿ ಆಡಿ ಒಳ್ಳೇ ಮಟ್ಟ ಕಾಯ್ಕೊಂಡೋರಿಗೆ, ಅದು 2016, 2023, 2025. 2022-23ರಲ್ಲಿ 82 ಮ್ಯಾಚ್, 74 ಪಾಯಿಂಟ್, ಇಡೀ ಸೀಸನ್‌ಗೆ ಪೆನಾಲ್ಟಿ 4 ನಿಮಿಷ, ಒಂದು ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ ಕೂರಿಸ್ತಾರೆ, ಅಂದ್ರೆ ಎರಡೇ ತಪ್ಪು. ದಿನಾ ಎದುರಾಳಿ ಸ್ಟಾರ್‌ಗಳ ಮೈಗಂಟಿಕೊಂಡು ಆಡೋನು ಆರು ತಿಂಗಳಲ್ಲಿ ಎರಡು ಸಲ ಮಾತ್ರ ತಪ್ಪು ಮಾಡಿದಾನೆ.

ಕಿಂಗ್ಸ್ ಟೀಮಿಗೆ ಅತಿ ಹೆಚ್ಚು ಪಾಯಿಂಟ್ಸ್ ತಗೊಂಡೋನು ಹಳೇ ಆಟಗಾರ ಮಾರ್ಸೆಲ್ ಡಿಯಾನ್, 1,307, ಇವನು 2024-25 ಸೀಸನ್ ಮುಗಿದಾಗ 1,278. ಸಮ ಆಗಕ್ಕೆ 29 ಬಾಕಿ. ಮೈ ಕೈ ಸರಿ ಇದ್ರೆ ದಾಟ್ತಾನೆ ಅಂತ ಕಾಯ್ತಿದೀನಿ.

ಕೊನೇಶಿಫ್ಟ್:
ಶೆಟ್ರೇ 2012ರ ಫೈನಲ್ ಮೊದಲ ಮ್ಯಾಚ್ ಓವರ್‌ಟೈಮ್ ಗೋಲು ಬಿಟ್ರಲ್ಲ. 1-1 ಇತ್ತು. ಜಸ್ಟಿನ್ ವಿಲಿಯಮ್ಸ್ ಪಾಸ್, ಇವನು ಒಬ್ಬನೇ ಮುಂದೆ, ಎದುರಿಗೆ ಮಾರ್ಟಿನ್ ಬ್ರೋಡರ್, ಗೋಲ್‌ಕೀಪರ್‌ಗಳಲ್ಲೇ ದೊಡ್ಡ ಹೆಸರು. ಮನುಷ್ಯ ಒಂಚೂರೂ ಗಾಬರಿ ಆಗ್ಲಿಲ್ಲ, ಬ್ರೋಡರ್ ಬೀಳೋವರೆಗೆ ಕಾದು ಪಕ್ ಒಳಗೆ ಇಟ್ಟ. ಹೊಡೆದ ಅನ್ನಲ್ಲ ನಾನು, ಇಟ್ಟ.

ಕಡಲೇಕಾಯಿ_ಅಮ್ಮ:
ನಮಸ್ತೆ, ನಾನು ಇಲ್ಲಿ ಮೊದಲ ಸಲ ಬರೀತಿರೋದು. ನಾವೂ ಟಾರೆನ್ಸ್ ಹತ್ರಾನೇ ಇರೋದು. ಎಲ್ ಸೆಗುಂಡೋದಲ್ಲಿ ಕಿಂಗ್ಸ್ ಪ್ರಾಕ್ಟೀಸ್ ಮಾಡೋ ಜಾಗ ಇದ್ಯಲ್ಲ, ಅಲ್ಲೇ ಸಾರ್ವಜನಿಕರಿಗೂ ರಿಂಕ್ ಇದೆ, ಮಗಳನ್ನ ಶನಿವಾರ ಸ್ಕೇಟಿಂಗ್‌ಗೆ ಕರ್ಕೊಂಡು ಹೋಗ್ತೀನಿ. ಬೆಂಗಳೂರಲ್ಲಿ ಚಕ್ರದ ಸ್ಕೇಟಿಂಗ್ ಕಲಿತಿದ್ದಳು, ಇಲ್ಲಿಗೆ ಬಂದ್ಮೇಲೆ ಐಸ್ ಮೇಲೆ ಎರಡೇ ವಾರಕ್ಕೆ ಹಿಡಿತ ಬಂತು, ನಿಲ್ಲಿಸೋದು ಮಾತ್ರ ಕಷ್ಟ ಆಯ್ತು, ಅದರ ಬ್ರೇಕ್ ಬೇರೆ, ಪಾದ ಅಡ್ಡ ತಿರುಗಿಸಿ ಐಸ್ ಕೆರೀಬೇಕು. ನಮ್ಮೂರಲ್ಲಿ ಸ್ಕೇಟಿಂಗ್ ಕಲಿಯೋ ಮಕ್ಕಳು ಎಷ್ಟೊಂದು ಜನ ಇದಾರೆ, ಅದಕ್ಕೇ ಕೇಳ್ತಿದೀನಿ, ನಮ್ಮ ದೇಶದಲ್ಲಿ ಐಸ್ ಹಾಕಿ ಯಾರೂ ಆಡಲ್ವಾ?

ಲೇಹ್_ಚಳಿ:
ಆಡ್ತಾರೆ ಅಕ್ಕ, ಚೆನ್ನಾಗೇ ಆಡ್ತಾರೆ. ನಾನು ಕೆಲಸದ ಮೇಲೆ ಎರಡು ಚಳಿಗಾಲ ಲೇಹ್‌ನಲ್ಲಿ ಇದ್ದೆ. ಲಡಾಖ್‌ನಲ್ಲಿ ಜನವರಿಯಲ್ಲಿ ಕೆರೆ ಹೆಪ್ಪುಗಟ್ಟುತ್ತೆ, ಊರೂರಲ್ಲಿ ಗದ್ದೆಗೆ ನೀರು ಬಿಟ್ಟು ರಾತ್ರಿ ಐಸ್ ಮಾಡ್ತಾರೆ, ಮೇಲೆ ಕೋಪಿಟಾರ್ ಅಪ್ಪನ ಹಿತ್ತಲ ರಿಂಕ್ ಓದಿದಾಗ ನನಗೆ ಅದೇ ನೆನಪಾಯ್ತು. ರಾತ್ರಿ ಮೈನಸ್ ಹದಿನೈದರಲ್ಲಿ ಮೂರು ನಾಲ್ಕು ಜನ ಪೈಪ್ ಹಿಡ್ಕೊಂಡು ನಿಂತಿರ್ತಾರೆ, ನೀರು ತೆಳ್ಳಗೆ ಪದರ ಪದರವಾಗಿ ಬಿಡಬೇಕು, ಒಂದೇ ಸಲ ಬಿಟ್ರೆ ಮೇಲೆ ಹೆಪ್ಪು ಒಳಗೆ ನೀರು ಉಳಿದು ಒಡೆದುಹೋಗುತ್ತೆ. ಬೆಳಿಗ್ಗೆ ಪೊರಕೆಯಿಂದ ಗುಡಿಸಿ ಆಟ ಶುರು. ಎರಡು ತಿಂಗಳು ಸಿಕ್ಕಿದ್ರೆ ಹೆಚ್ಚು.

ಇಷ್ಟರಲ್ಲೇ ಕಲಿತು ಭಾರತದ ಹೆಣ್ಣುಮಕ್ಕಳ ಟೀಮು 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ. ಬಹುಪಾಲು ಲಡಾಖ್ ಹುಡುಗಿಯರೇ. ಪೇಪರಲ್ಲಿ ಎಷ್ಟು ಸಣ್ಣ ಸುದ್ದಿ ಬಂತು ಅಂದ್ರೆ ನನಗೆ ಸಿಟ್ಟು ಬಂತು.

ಗಾಳಿಪಟ_77:
ಕಂಚು ಗೆದ್ದಿದ್ದು ನನಗೆ ಈಗ್ಲೇ ಗೊತ್ತಾಗಿದ್ದು, ನಾಚಿಕೆ ಆಗ್ಬೇಕು. ನಮ್ಮೋರು ಎನ್‌ಎಚ್‌ಎಲ್‌ನಲ್ಲಿ ಯಾರಾದ್ರೂ ಇದಾರಾ?

ಅಂಕಿಅಂಶ_ಶೆಟ್ರು:
ಭಾರತ ಮೂಲದವರು ಇದಾರೆ, ಆದ್ರೆ ಕೆನಡಾದಲ್ಲಿ ಹುಟ್ಟಿ ಬೆಳೆದೋರು. ರಾಬಿನ್ ಬಾವಾ 1989ರಲ್ಲಿ ಮೊದಲನೆಯವನು, ಆಮೇಲೆ ಮ್ಯಾನಿ ಮಲ್ಹೋತ್ರಾ, ಜುಝಾರ್ ಖೈರಾ, ಈಗ ಅರ್ಷ್‌ದೀಪ್ ಬೇನ್ಸ್. ಅವರಿಗೆ ಊರಿನ ತುಂಬಾ ರಿಂಕ್ ಇತ್ತು, ಅವರ ಕಷ್ಟ ಬೇರೆ ಥರದ್ದು, ಅದಕ್ಕೆ ಬೇರೆ ಚರ್ಚೆ ಹಾಕ್ಬೇಕು.

ನಾಪೋಕ್ಲು_ಸ್ಟಿಕ್:
ಲೇಹ್ ಅವರೇ ಧನ್ಯವಾದ, ನೀವು ಹೇಳಿದ್ರಲ್ಲೇ ಉತ್ತರ ಇದೆ. ಲಡಾಖ್‌ಗೆ ಊರಿದೆ, ಐಸ್ ಮಾಡೋ ಕೈಗಳಿವೆ. ಎರಡು ತಿಂಗಳನ್ನ ಎಂಟು ತಿಂಗಳು ಮಾಡೋ ಚಾವಣಿ ಇರೋ ರಿಂಕುಗಳು ಊರಿಗೊಂದು ಬೇಕು. ಯೆಸೆನಿತ್ಸೆಗೂ ಮೊದಲು ಬಯಲು ರಿಂಕೇ ಇದ್ದಿದ್ದು, 1978ರಲ್ಲಿ ಚಾವಣಿ ಇರೋ ಹಾಲ್ ಆಯ್ತು. ಒಂಬತ್ತು ವರ್ಷ ಆದ್ಮೇಲೆ ಕೋಪಿಟಾರ್ ಹುಟ್ಟಿದ.

ಕೊನೇಶಿಫ್ಟ್:
ಮೇಲಿನದ್ದೆಲ್ಲ ಹೆಂಡ್ತಿಗೂ ಓದಿ ಹೇಳಿದೆ. ಈ ಸೀಸನ್ ಸಾಧ್ಯ ಆದಷ್ಟು ಮ್ಯಾಚಿಗೆ ಹೋಗ್ತೀನಿ, ದುಬಾರಿ ಇದೆ, ಮೇಲಿನ ಸಾಲಿನ ಸೀಟಾದ್ರೂ ಸರಿ. ಕಡಲೇಕಾಯಿ ಅಮ್ಮ ಅವರೇ, ಮಗಳನ್ನ ಕರ್ಕೊಂಡು ಬರೋದಾದ್ರೆ ಹೇಳಿ, ಒಟ್ಟಿಗೆ ಹೋಗೋಣ, ವಾರ್ಮ್‌ಅಪ್‌ಗೆ ಅರ್ಧ ಗಂಟೆ ಮುಂಚೆ ಹೋದ್ರೆ ಗಾಜಿನ ಹತ್ರ ನಿಂತು ನೋಡಬಹುದು.

ಕಡಲೇಕಾಯಿ_ಅಮ್ಮ:
ಖಂಡಿತ ಬರ್ತೀವಿ. ಶುಕ್ರವಾರ ಶನಿವಾರದ್ದು ನೋಡಿ, ಮಾರನೇ ದಿನ ಸ್ಕೂಲ್ ಇರಬಾರದು.

ಧಾರವಾಡದಾಂವ:
ನನಗೂ ನೋಡಬೇಕಾಗೇತ್ರಿ ಈಗ. ನಮ್ಮ ಟೈಮ್‌ನಾಗ ಎಷ್ಟೊತ್ತಿಗೆ ಬರ್ತದ?

ಅಂಕಿಅಂಶ_ಶೆಟ್ರು:
ಅವರ ಸ್ವಂತ ಊರಿನ ಮ್ಯಾಚು ಸಂಜೆ ಏಳಕ್ಕೆ ಶುರುವಾದ್ರೆ ನಮಗೆ ಮರುದಿನ ಬೆಳಿಗ್ಗೆ 7.30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸ್ತಾರೆ, ಆಮೇಲೆ 8.30. ನಾಷ್ಟಾ ಮಾಡ್ಕೊಂಡು ಕೂತ್ಕೊಳ್ಳಿ ಸರ್, 11ನೇ ನಂಬರ್ ನೋಡ್ತಾ ಇರಿ, ಪಕ್ ಹುಡುಕಕ್ಕೆ ಹೋಗ್ಬೇಡಿ.